ಎಂಟು ದಿನದ ಬಿಸಿಲು

ಬೈತಖೋಲದ ದಡದಲ್ಲಿ ದೋಣಿಗಳು ಮಲಗಿವೆ.
ಮೇಲೆ ಮಡಲು, ನೀಲಿ ತಾಡಪತ್ರಿ,
ಹಗ್ಗದ ತುದಿಗೆ ಕಲ್ಲು.
ನಾನು ಸೌಟು ಹಿಡಿದು ಬರುತ್ತೇನೆ.

ಹೌದು, ಸೌಟೇ. ಬಿಳಿಯದು, ಉದ್ದ ಹಿಡಿಯದು,
ಸಾರು ಬಡಿಸುವುದಕ್ಕಲ್ಲ.
ಕಂಡ ಕೂಡಲೇ ಮಕ್ಕಳು ಕೂಗುತ್ತಾರೆ:
ಸೊಳ್ಳೆಬಾಯಿ ಬಂದಳು, ಸೊಳ್ಳೆಬಾಯಿ!
ಹತ್ತೊಂಬತ್ತು ವರ್ಷವಾಯಿತು.
ಅಂದು ಕೂಗಿದವರ ಮಕ್ಕಳು
ಈಗ ಕೂಗಲು ಕಲಿತಿದ್ದಾರೆ.

ನೀರು ಒಳಗೆ ಬಾರದಿರಲೆಂದು
ಹಲಗೆಯ ಸಂದಿಗೆ ಹತ್ತಿ ತುರುಕಿ, ರಾಳ ಮೆತ್ತಿ
ಬಡಗಿ ಕಟ್ಟಿದ ದೋಣಿ.
ಅದೇ ಹಲಗೆ, ಅದೇ ರಾಳ
ಈಗ ಒಂದು ತೊಟ್ಟನ್ನೂ ಹೊರಗೆ ಬಿಡುವುದಿಲ್ಲ.

ಮೊದಲ ಸೌಟು: ಏನಿಲ್ಲ.
ಎರಡನೆಯದು: ಬಾದಾಮಿ ಎಲೆ, ಸತ್ತ ಏಡಿ.
ಮೂರನೆಯದನ್ನು ಅಲುಗಿಸದೆ ಬೆಳಕಿಗೆ ಹಿಡಿದರೆ
ನೀರಿನ ಮೇಲೆ ಸಪಾಟಾಗಿ ಮಲಗಿದ ಆರು ಗೀಟು.
ತಲೆಕೆಳಗಾಗಿ ನೇತಾಡುವವು ಬೇರೆ ಜಾತಿ, ಬೇರೆ ಜ್ವರ.
ಇವು ಮಲಗುವವು.
ಹಾಜರಿ ಪುಸ್ತಕದಲ್ಲಿ ಬಾರದವರ ಹೆಸರಿನ ಮುಂದೆ
ಎಳೆದ ಗೀಟಿನ ಹಾಗೆ.

ಪಕ್ಕದಲ್ಲೇ ಶೇವಂತಿ
ಹಳೆ ಬಲೆ ಹಾಸಿ ಶೆಟ್ಲಿ ಒಣಗಿಸುತ್ತಿದ್ದಾಳೆ.
ಪುನರ್ವಸು ಮಳೆಯಲ್ಲಿ ಬಿಸಿಲು, ಬಾಯ್!
ನನ್ನ ಅತ್ತೆ ಇದ್ದಿದ್ದರೆ ನಂಬುತ್ತಿರಲಿಲ್ಲ.
ಆಗ ಹೊಯ್ಯಲು ಹಿಡಿದರೆ ಹೊಯ್ದೇ ಹೊಯ್ದು
ದೋಣಿ ತುಂಬಿ ಚೆಲ್ಲುವುದು, ತುಂಬಿ ಚೆಲ್ಲುವುದು.
ನಿನ್ನ ಹುಳ ಎಲ್ಲಿ ನಿಲ್ಲಬೇಕು?
ಹೇಳುತ್ತಾ ನಗುತ್ತಾಳೆ.
ಬಿಸಿಲು ಅವಳಿಗೆ ನಾಲ್ಕು ಕಾಸು ಕೊಟ್ಟಿದೆ,
ಅದನ್ನು ಬೈಯಲು ನನಗೆ ಬಾಯಿಲ್ಲ.

ಮಳೆ ರಜೆ ಹಾಕಿದ್ದು ಎಂಟು ದಿನ.
ನಾನು ಬೆರಳು ಮಡಿಸಿ ಎಣಿಸುತ್ತೇನೆ:
ಮೊಟ್ಟೆಗೆ ಎರಡು, ಹುಳಕ್ಕೆ ಐದು,
ಗೂಡಿನ ಹುಳ ರೆಕ್ಕೆ ಕಟ್ಟಲು ಒಂದೂವರೆ.
ಅರ್ಧ ದಿನ ಕಡಿಮೆ ಬಿತ್ತು.
ಅದನ್ನು ಕಾವು ಕೈಯಿಂದ ಹಾಕಿ ತೀರಿಸಿತು.

ಆಮೇಲೆ ಪುಷ್ಯ ಹುಟ್ಟಿ ಮತ್ತೆ ಹನಿ ಶುರು.
ತಡವಾಗಿ ಬಂದ ಪೊಲೀಸಿನಂತೆ
ಮಳೆ ಖಾಲಿ ದೋಣಿಗಳನ್ನೆಲ್ಲ ಬಡಿದು ನೋಡಿತು.

ಬಲೆಯ ಶೆಡ್ಡಿನಲ್ಲಿ ಲಖಿಂದರ್ ನಡುಗುತ್ತಿದ್ದ,
ಮೇಲೆ ಎರಡು ಗೋಣಿ, ಅದರ ಮೇಲೆ ಬಲೆ,
ಬಲೆಯ ಸೀಸದ ಗುಂಡುಗಳು ಅವನ ಜೊತೆ ಟಿಕಿಟಿಕಿ.
ಸಾವಿರ ಮೈಲಿ ಆಚೆಯ ಊರು.
ಜೊತೆಯವರು ಜೂನಿನಲ್ಲೇ ರೈಲು ಹತ್ತಿದರು,
ಇವನು ದೋಣಿ ಕಾಯಲು ಉಳಿದ,
ರಾತ್ರಿ ಅಂಗಿ ಬಿಚ್ಚಿ, ಸೆಕೆಗೆ, ಹೊರಗೇ ಮಲಗಿದ.
ಬೆರಳು ಚುಚ್ಚಿದೆ. ಗಾಜಿನ ಮೇಲೆ ಒಂದು ಹನಿ.
ಜ್ವರಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ ಎಂದು ಕೇಳಿದೆ.
ಏನೋ ಹೇಳಿದ. ಎರಡು ಸಲ ಹೇಳಿಸಿಕೊಂಡೆ.
ಆ ಶಬ್ದ ಬರೆಯಲು ನನ್ನ ರಿಜಿಸ್ಟರಿನಲ್ಲಿ ಕಾಲಮ್ಮಿಲ್ಲ.
ಅವನು ತಿರುಗಿ ಕೇಳಿದ್ದು ಒಂದೇ:
ಸಮುದ್ರ ಯಾವಾಗ ತೆರೆಯುತ್ತದೆ?

ಮಾತ್ರೆ ಹದಿನಾಲ್ಕು ದಿನದ್ದು.
ಸಮುದ್ರ ತೆರೆಯಲು ಹನ್ನೊಂದು ದಿನ.

ನಾಲ್ಕು ಹುಡುಗರನ್ನು ಕರೆದು
ದೋಣಿ ಓರೆ ಮಾಡಿಸಿದೆ.
ನೀರು ಮರಳಿಗೆ ಚೆಲ್ಲಿ, ಗೀಟುಗಳು ಒಂದು ಗಳಿಗೆ ಕುಣಿದು
ಅಕ್ಷರವಾಗದೆ ಇಂಗಿದವು.
ಇನ್ನೂ ಎಪ್ಪತ್ತೆರಡು ದೋಣಿ. ಬದಿಗೆ ನೇತುಹಾಕಿದ
ಟಯರುಗಳ ಲೆಕ್ಕ ಬೇರೆ.

ಆಗಸ್ಟ್ ಒಂದರ ಬೆಳಗಿನ ಜಾವ
ದಕ್ಕೆ ತುಂಬ ಡೀಸೆಲ್ ಹೊಗೆ, ಐಸು, ಕೇಕೆ.
ಮಿಕ್ಕ ಮೂರು ಮಾತ್ರೆ ಪ್ಲಾಸ್ಟಿಕ್ಕಿನಲ್ಲಿ ಗಂಟು ಹಾಕಿ
ತಾಂಡೇಲ ಉಮಾಕಾಂತನ ಕೈಗಿಟ್ಟೆ.
ಊಟ ಆದಮೇಲೆ. ಮರೆಯಬೇಡ. ದಿನಕ್ಕೊಂದು.
ಆಯ್ತು ಬಾಯ್, ಎಂದು ಕಿಸೆಗೆ ಹಾಕಿಕೊಂಡ,
ಅದೇ ಕಿಸೆಯಲ್ಲಿ ಬೀಡಿ, ಬೆಂಕಿಪೆಟ್ಟಿಗೆ, ದೇವರ ಹೂವು.

ಹನ್ನೆರಡು, ಹದಿಮೂರು, ಹದಿನಾಲ್ಕು:
ರಿಜಿಸ್ಟರಿನಲ್ಲಿ ಮೂರು ಮನೆ ಖಾಲಿ.
ಮೊದಲನೆಯದರಲ್ಲಿ ಪೆನ್ಸಿಲಿನಿಂದ ಒಂದು ಗೀಟೆಳೆದೆ.
ನೋಡಿದೆ.
ಅಳಿಸಿದೆ.